ಹಿತ್ತಲ ಗಿಡ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ನಾನೂ ಅದನ್ನು ನನ್ನ ಪ್ರಬೋಧನೆಗಳಲ್ಲಿ ಎಷ್ಟೋ ಬಾರಿ ಬಳಸಿದ್ದೇನೆ. ಸ್ವಂತ ಊರಿನಲ್ಲಿ ಮನ್ನಣೆ ದೊರೆಯದವರ ಬಗ್ಗೆ ಹೇಳುವಾಗ ಅದು ಸಲೀಸಾಗಿ ನಾಲಿಗೆಗೆ ಬರುವ ಮಾತು. ಆದರೆ ಗಾದೆಯಲ್ಲಿರುವ ಹಿತ್ತಲೂ ನಿಜವಾದ ಹಿತ್ತಲು, ಗಿಡವೂ ನಿಜವಾದ ಗಿಡ ಎಂಬುದು ನನ್ನ ಅರಿವಿಗೆ ಬಂದದ್ದು ಕಳೆದ ಜನವರಿಯಲ್ಲಿ, ನಾಲ್ಕು ದಿನಗಳ ರಜೆಯಲ್ಲಿ. ಆ ನಾಲ್ಕು ದಿನಗಳ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಗುರುಗಳಾದ ನಮಗೆ ಕ್ರಿಸ್ತಜಯಂತಿಯನ್ನು ಮನೆಯವರೊಡನೆ ಆಚರಿಸುವ ಭಾಗ್ಯವಿಲ್ಲ. ಎಲ್ಲರೂ ತಮ್ಮ ತಮ್ಮ ಮನೆ ಸೇರುವ ರಾತ್ರಿಯಲ್ಲಿ ನಾವು ದೇವಾಲಯದಲ್ಲಿರುತ್ತೇವೆ. ಆದ್ದರಿಂದ ನಮ್ಮ ಮನೆಯ ಹಬ್ಬ ಜನವರಿ ಮೊದಲ ವಾರಕ್ಕೆ ಜಾರುತ್ತದೆ. ಅಷ್ಟು ಹೊತ್ತಿಗೆ ಕುಸ್ವಾರಿನ ಡಬ್ಬಿಗಳು ಅರ್ಧ ಬರಿದಾಗಿರುತ್ತವೆಯಾದರೂ ನನ್ನ ಪಾಲಿನ ನೆವ್ರಿಗಳನ್ನು ಅಮ್ಮ ಬೇರೆಯೇ ತೆಗೆದಿರಿಸಿರುತ್ತಾರೆ. ಅವರಿಗೀಗ ಎಂಬತ್ತನಾಲ್ಕು ವರ್ಷ. ನನಗೆ ಐವತ್ತು ದಾಟಿ ಕೆಲವು ವರ್ಷಗಳೇ ಆದವು. ಆದರೂ ಆ ಡಬ್ಬಿಯ ಮುಚ್ಚಳ ತೆರೆಯುವಾಗ ನಾನಿನ್ನೂ ಶಾಲಾ ಬಾಲಕನೇ.

ನಮ್ಮ ಮನೆ ಇರುವುದು ಕಡಬದ ಸಮೀಪ. ನಾನು ಚಿಕ್ಕವನಿದ್ದಾಗ ಕಡಬವು ಪುತ್ತೂರು ತಾಲೂಕಿನ ಒಂದು ಹೋಬಳಿ ಕೇಂದ್ರ. ಸಣ್ಣ ಸರಕಾರಿ ಕೆಲಸಕ್ಕೂ ಪುತ್ತೂರಿಗೆ ಹೋಗಬೇಕಾಗಿತ್ತು. 2018ರಿಂದ ಅದೇ ಒಂದು ತಾಲೂಕು. ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಕೂಡಿಸಿ ಮಾಡಿದ ಈ ತಾಲೂಕಿನ ಪೂರ್ವಕ್ಕೆ ಪಶ್ಚಿಮ ಘಟ್ಟದ ಸಾಲು ನಿಂತಿದೆ. ನಡುವೆ ಕುಮಾರಧಾರೆ ಹರಿಯುತ್ತದೆ. ಸುಬ್ರಹ್ಮಣ್ಯದ ಚಂಪಾಷಷ್ಠಿಯ ಜನಜಂಗುಳಿ ಕರಗಿ, ನದಿಯ ಬಂಡೆಗಳು ಬೆನ್ನು ತೋರಿಸತೊಡಗಿದವೆಂದರೆ ನಮ್ಮಲ್ಲಿ ಚಳಿಗಾಲ ಬಂತೆಂದೇ ಅರ್ಥ. ಬೆಳಗ್ಗೆ ಎಂಟರವರೆಗೂ ತೋಟದ ಮೇಲೆ ಮಂಜು. ಅಂಗಳದ ತುಂಬ ಒಣಗಲು ಹರಡಿದ ಅಡಿಕೆ. ತೋಡಿಗೆ ಅಡ್ಡಲಾಗಿ ಮಣ್ಣು, ಕಲ್ಲುಗಳ ಕಟ್ಟ ಹಾಕುವ ಗಡಿಬಿಡಿ. ಈ ಚಳಿ ಉಣ್ಣೆಯಂಗಿ ಬೇಡುವ ಚಳಿಯಲ್ಲ. ಒಲೆಯ ಬುಡದಲ್ಲಿ ಕುಳಿತು ಇನ್ನೊಂದು ಲೋಟ ಕಾಫಿ ಬೇಡುವ ಚಳಿ.

ಈ ಬಾರಿ ನಮ್ಮೆಲ್ಲರದ್ದೂ ಒಂದು ಯೋಜನೆಯಿತ್ತು. ಉಳ್ಳಾಲದ ಕಡಲ ತೀರದ ಬಳಿ ಇರುವ ನನ್ನ ತಂಗಿಯ ಮನೆಗೆ ಅಮ್ಮನನ್ನು ಕರೆದೊಯ್ದು, ಎಲ್ಲರೂ ಎರಡು ದಿನ ಅಲ್ಲಿ ಉಳಿಯುವುದು. ಅಮ್ಮ ಸಮುದ್ರ ನೋಡಿ ಹತ್ತು ವರ್ಷಗಳಾಗಿದ್ದವು. ಮುಂದಿನ ವರ್ಷ ಅವರ ಮೊಣಕಾಲು ಒಪ್ಪೀತೆಂಬ ಭರವಸೆ ಇರಲಿಲ್ಲ.

ಆದರೆ ಹೊರಡುವ ಹಿಂದಿನ ಸಂಜೆ ತಮ್ಮ ಒಂದು ಸುದ್ದಿ ಹೇಳಿದ. ಮನೆಯ ಹಿಂದಿನ ಸೊಪ್ಪಿನ ಗುಡ್ಡೆಯ ಮರಗಳನ್ನು ವ್ಯಾಪಾರಿಯೊಬ್ಬರಿಗೆ ಮಾತನಾಡಿದ್ದಾನೆ. ಮುಂಗಡವೂ ಬಂದಿದೆ. ಮರ ಹೋದ ಮೇಲೆ ಗುಡ್ಡೆಯನ್ನು ತಟ್ಟು ಮಾಡಿ ಹೊಸ ಅಡಿಕೆ ಸಸಿ ಇಡುವುದು.

ಅದು ಒಂದು ಎಕರೆಗೂ ಕಡಿಮೆ ಇರುವ ಕಾಡು. ಹಿಂದೆ ಹಟ್ಟಿ ತುಂಬ ದನಗಳಿದ್ದಾಗ ಅವುಗಳ ಕಾಲಡಿಗೆ ಹಾಸಲು ದಿನವೂ ಅಲ್ಲಿಂದ ಸೊಪ್ಪು ತರುತ್ತಿದ್ದೆವು. ಸೊಪ್ಪು ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಈಗ ಹಟ್ಟಿಯಲ್ಲಿ ಒಂದೇ ಹಸು. ಗೊಬ್ಬರ ಚೀಲದಲ್ಲಿ ಬರುತ್ತದೆ. ಸೊಪ್ಪು ಬೇಡವಾದ ಮೇಲೆ ಗುಡ್ಡೆ ಯಾತಕ್ಕೆ? ಇತ್ತ ಹಳೆಯ ತೋಟಕ್ಕೆ ಎಲೆಚುಕ್ಕಿ ರೋಗ ತಗಲಿ ಫಸಲು ಕುಸಿದಿದೆ. ಮಗಳು ಈ ವರ್ಷ ಕಾಲೇಜು ಸೇರಿದ್ದಾಳೆ. ತಮ್ಮನ ಲೆಕ್ಕದಲ್ಲಿ ತಪ್ಪು ಹುಡುಕುವುದು ನನಗೆ ಸಾಧ್ಯವಾಗಲಿಲ್ಲ. ಮೂವತ್ತು ವರ್ಷಗಳಿಂದ ಆ ಮಣ್ಣಿನಲ್ಲಿ ಬೆವರು ಸುರಿಸಿದವನು ಅವನು. ನಾನಾದರೋ ವರ್ಷಕ್ಕೊಮ್ಮೆ ಬಂದು ನೆವ್ರಿ ತಿಂದು ಹೋಗುವವನು. ಅಮ್ಮ ಮಾತ್ರ, “ಸುರಗಿಯೂ ಹೋಗುತ್ತದೆಯೇ?” ಎಂದು ಕೇಳಿದರು. ತಮ್ಮ ಉತ್ತರಿಸಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ಸುರಗಿಯನ್ನು ಕಾಣದವರಿಗಾಗಿ ಎರಡು ಮಾತು. ಅದು ಪಶ್ಚಿಮ ಘಟ್ಟಕ್ಕೆ ಮಾತ್ರ ಸೇರಿದ ಮರ. ಲೋಕದ ಬೇರೆಲ್ಲೂ ತಾನಾಗಿ ಬೆಳೆಯದು. ಕಡು ಹಸಿರಿನ ದಪ್ಪ ಎಲೆ. ಚಳಿ ಇಳಿದು ಬಿಸಿಲು ಏರುವ ಹೊತ್ತಿಗೆ ಹಳೆಯ ರೆಂಬೆಗಳಿಗೇ ಅಂಟಿಕೊಂಡಂತೆ ಗೊಂಚಲು ಗೊಂಚಲಾಗಿ ಮೊಗ್ಗು ಬಿಡುತ್ತದೆ. ಬಿಳಿಯ ಎಸಳು, ನಡುವೆ ಹಳದಿಯ ಕೇಸರಗಳ ಕುಚ್ಚು. ಇತರ ಹೂಗಳ ಪರಿಮಳ ಬಾಡಿದೊಡನೆ ಮುಗಿಯುತ್ತದೆ. ಸುರಗಿಯದು ಒಣಗಿದ ಮೇಲೂ ಉಳಿಯುತ್ತದೆ. ಒಣಗಿದ ಸುರಗಿ ಮಾಲೆಯನ್ನು ಅಮ್ಮ ಟ್ರಂಕಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು. ಮಳೆಗಾಲದಲ್ಲಿ ಟ್ರಂಕು ತೆರೆದರೆ ಫೆಬ್ರವರಿಯ ವಾಸನೆ ಬರುತ್ತಿತ್ತು.

ಅಮ್ಮನ ಪ್ರಶ್ನೆ ಅಂದು ತಮ್ಮನಿಗಿಂತ ನನ್ನನ್ನು ಹೆಚ್ಚು ಚುಚ್ಚಿತು. ಅದಕ್ಕೊಂದು ಕಾರಣವಿದೆ. ಇಪ್ಪತ್ತು ವರ್ಷಗಳಿಗೂ ಹಿಂದೆ, ಹೊಸ ಗುರುವಾಗಿದ್ದಾಗ, ಘಟ್ಟದ ಬುಡದ ಒಂದು ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದೆ. ಅಲ್ಲಿ ದೇವಾಲಯದ ಪಕ್ಕದಲ್ಲೇ ದೊಡ್ಡದೊಂದು ಸುರಗಿ ಮರವಿತ್ತು. ಅಂಗಳ ‘ಅಚ್ಚುಕಟ್ಟಾಗಿ’ ಇರಬೇಕು, ಹುಲ್ಲುಹಾಸು ಬೇಕು, ಅಂಚಿಗೆ ಆಲಂಕಾರಿಕ ತಾಳೆಗಳ ಸಾಲು ಬೇಕು ಎಂಬುದು ನನ್ನ ಉತ್ಸಾಹ. ಮರವನ್ನು ಕಡಿಸಿದೆ. ಯಾರೂ ಅಡ್ಡಿ ಮಾಡಲಿಲ್ಲ. ಫಾದರ್ ಹೇಳಿದ ಮೇಲೆ ಮುಗಿಯಿತು. ಪ್ರತಿ ವರ್ಷ ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ ಆ ಮರದ ಹೂವಿನಿಂದಲೇ ಮಾಲೆ ಕಟ್ಟಿ ತರುತ್ತಿದ್ದ ಒಬ್ಬ ಹಿರಿಯ ಹೆಂಗಸು ಮಾತ್ರ ಕಡಿದ ಬುಡದ ಬಳಿ ನಿಂತು, “ಇನ್ನು ಹೂವು ಎಲ್ಲಿಂದ ತರಲಿ ಫಾದರ್?” ಎಂದರು. ಪೇಟೆಯಿಂದ ಸೇವಂತಿಗೆ ತರಿಸೋಣ ಎಂದು ನಾನು ಸಮಾಧಾನ ಹೇಳಿದೆ. ಮರುವರ್ಷ ಏಪ್ರಿಲಿಗೆ ಹುಲ್ಲುಹಾಸು ಒಣಗಿ ಹೋಯಿತು. ಅದರ ಮರುವರ್ಷ ನನಗೆ ವರ್ಗಾವಣೆಯಾಯಿತು. ಈ ಸಂಗತಿಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮರುದಿನ ನಸುಕಿನಲ್ಲೇ ಹೊರಟೆವು. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರಸ್ತೆ ರೈಲು ನಿಲ್ದಾಣದಿಂದ ಮಂಗಳೂರಿಗೆ ಪ್ಯಾಸೆಂಜರ್ ರೈಲು. ದಾರಿಯಲ್ಲಿ ಕಿದುವಿನ ಸಂಶೋಧನಾ ಕೇಂದ್ರದ ಹೆಸರುಫಲಕ ಕಂಡಿತು. ಹಿಂತಿರುಗುವಾಗ ಇಲ್ಲಿ ಅಡಿಕೆ ಸಸಿ ವಿಚಾರಿಸಬೇಕು ಎಂದ ತಮ್ಮ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದ ಈ ಕೇಂದ್ರದಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹವಿದೆ ಎಂಬುದು ನಮ್ಮೂರಿನಲ್ಲೇ ಅನೇಕರಿಗೆ ತಿಳಿಯದು. ಹಿಂದೂ ಮಹಾಸಾಗರದ ದ್ವೀಪಗಳಿಂದ ತಂದ ತೆಂಗುಗಳೂ ಅಲ್ಲಿ ಬೆಳೆಯುತ್ತಿವೆ. ಕಡಲು ಕಾಣದ ಘಟ್ಟದ ಬುಡದಲ್ಲಿ ಕಡಲಾಚೆಯ ತೆಂಗುಗಳು! ತಳಿಯೊಂದು ಅಳಿದ ಮೇಲೆ ಅದನ್ನು ಮರಳಿ ತರಲಾಗದು. ಆದ್ದರಿಂದಲೇ ಅಷ್ಟೊಂದು ಜೋಪಾನ.

ರೈಲಿನಲ್ಲಿ ತಮ್ಮನ ಮಗಳು ಒಂದು ಚರ್ಚೆ ಎಬ್ಬಿಸಿದಳು. ಸಸ್ಯಶಾಸ್ತ್ರ ಓದುತ್ತಿರುವವಳು. “ದೊಡ್ಡಪ್ಪ, ನಮ್ಮ ತೋಟದಲ್ಲಿ ನಿಜವಾಗಿ ಈ ನೆಲದ್ದು ಯಾವುದು, ಹೇಳಿ ನೋಡೋಣ” ಎಂದಳು. ನಾನು ಲೆಕ್ಕ ಹಾಕಿದೆ. ಗೇರು ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದದ್ದು. ರಬ್ಬರೂ ಬ್ರೆಜಿಲಿನದೇ. ಕೊಕ್ಕೊ ದಕ್ಷಿಣ ಅಮೆರಿಕದ್ದು. ಅದಕ್ಕಾಗಿಯೇ ಕ್ಯಾಂಪ್ಕೊ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ತೆರೆಯಿತು. ಪಪ್ಪಾಯಿ, ಅನಾನಸು, ಮೆಣಸಿನಕಾಯಿ ಎಲ್ಲವೂ ಅಮೆರಿಕ ಖಂಡದವು. ನಮ್ಮ ಅನ್ನದಾತ ಅಡಿಕೆಯ ಮೂಲವೂ ಆಗ್ನೇಯ ಏಷ್ಯಾ ಎನ್ನುತ್ತಾರೆ. ಕೊನೆಗೆ ಉಳಿದದ್ದು ಅಡಿಕೆ ಮರವನ್ನು ತಬ್ಬಿಕೊಂಡಿರುವ ಕಾಳುಮೆಣಸು. ಅದು ಅಪ್ಪಟ ಘಟ್ಟದ ಬಳ್ಳಿ.

ತಮ್ಮ ನಕ್ಕ. “ಹಾಗಾದರೆ ಎಲ್ಲವನ್ನೂ ಕಿತ್ತೆಸೆಯೋಣವೇ? ನಮ್ಮ ಹಿರಿಯರೂ ಗೋವೆಯಿಂದ ಬಂದವರೇ ತಾನೇ?” ಎಂದ. ಮಾತು ನಿಜ. ನಮ್ಮ ಸುತ್ತಮುತ್ತ ಕೇರಳದಿಂದ ಬಂದು ಕಾಡುಗುಡ್ಡ ಹಸನು ಮಾಡಿದ ಕುಟುಂಬಗಳಿವೆ. 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರು ಭಾಗದ ರಬ್ಬರು ತೋಟಗಳಲ್ಲಿ ದುಡಿದ ತಮಿಳರಿದ್ದಾರೆ. ಬಂದವರನ್ನೆಲ್ಲ ಹೊರಗಿನವರೆಂದರೆ ಒಳಗಿನವರಾಗಿ ಉಳಿಯುವವರು ಯಾರು? ಗಿಡದ ವಿಷಯದಲ್ಲಿ ಆಡುವ ಮಾತನ್ನು ಮನುಷ್ಯರ ಮೇಲೆ ಹೇರುವುದು ಅಪಾಯಕರ. ಆದರೆ ಆಗ ಅಮ್ಮ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದರು: “ನೆಂಟರು ಬಂದರೆಂದು ಮನೆಯವರನ್ನು ಹೊರಗೆ ಹಾಕುತ್ತಾರೆಯೇ?” ಚರ್ಚೆ ಅಲ್ಲಿಗೆ ನಿಂತಿತು.

ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಕೂಡುತ್ತದೆ. ಬಂಟ್ವಾಳದ ಬಳಿ ರೈಲು ಆ ನೇತ್ರಾವತಿಯನ್ನು ದಾಟುವಾಗ ಅಮ್ಮ ಎಂದಿನಂತೆ ಶಿಲುಬೆಯ ಗುರುತು ಹಾಕಿಕೊಂಡರು. ನಮ್ಮ ತೋಡಿನ ನೀರೂ ಇದರಲ್ಲಿದೆ ಎಂದು ಮಕ್ಕಳಿಗೆ ತೋರಿಸಿದೆ. ಮಂಗಳೂರಿಗೂ ಉಳ್ಳಾಲಕ್ಕೂ ನಡುವೆ ಅದು ಕಡಲು ಸೇರುತ್ತದೆ. ಅಂದರೆ ನಾವು ಹೊರಟಿದ್ದ ದಾರಿಯೂ ನೀರಿನ ದಾರಿಯೂ ಒಂದೇ.

ತಂಗಿಯ ಮನೆಯಲ್ಲಿ ಆ ಸಂಜೆ ಎಲ್ಲರೂ ಕಡಲ ತೀರಕ್ಕೆ ಹೋದೆವು. ಜನವರಿಯ ಕಡಲು ಸಾಧು. ಅಮ್ಮನಿಗೆ ಕುರ್ಚಿ ಹಾಕಿ ಕೂರಿಸಿದೆವು. ಮರಳಿನ ಮೇಲೆ ಅಡುಂಬು ಬಳ್ಳಿ ಹಬ್ಬಿ ನೇರಳೆ ಬಣ್ಣದ ಹೂ ಬಿಟ್ಟಿತ್ತು. ಅಲ್ಲಲ್ಲಿ ‘ರಾವಣನ ಮೀಸೆ’ ಎಂದು ಕರೆಯುವ ಮುಳ್ಳು ಹುಲ್ಲು. ಅದರ ಬೀಜದ ಚೆಂಡುಗಳು ಗಾಳಿಗೆ ಉರುಳುರುಳಿ ಹೋಗುವುದನ್ನು ಮಕ್ಕಳು ಅಟ್ಟಿಸಿಕೊಂಡು ಓಡಿದರು. ಇವು ಬರಿಯ ಕಳೆಗಳಲ್ಲ. ಬೇರು, ಬಳ್ಳಿಗಳಿಂದ ಮರಳನ್ನು ಹಿಡಿದು ದಿಬ್ಬ ಕಟ್ಟುವ ಕೆಲಸಗಾರರು. ತಂಗಿ ಒಂದು ಕಡೆ ಬೆರಳು ತೋರಿಸಿ ಹೇಳಿದಳು: “ನಾನು ಮದುವೆಯಾಗಿ ಬಂದಾಗ ಅಲ್ಲಿ ಮರಳಿನ ದಿಬ್ಬವಿತ್ತು, ದಿಬ್ಬದ ತುಂಬ ಈ ಬಳ್ಳಿ, ಹಿಂದೆ ಕೇದಗೆಯ ಮೆಳೆ. ಸಮುದ್ರ ಕಾಣುವುದಿಲ್ಲ ಎಂದು ನಾವೇ ಅಕ್ಕಪಕ್ಕದವರು ಸೇರಿ ಸವರಿದೆವು. ಈಗ ಮಳೆಗಾಲದಲ್ಲಿ ಸಮುದ್ರ ಎಷ್ಟು ಕಾಣುತ್ತದೆಂದರೆ ರಾತ್ರಿ ನಿದ್ದೆ ಬರುವುದಿಲ್ಲ.” ಉಳ್ಳಾಲದ ಕಡಲ್ಕೊರೆತದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದಕ್ಕೆ ಕಾರಣಗಳು ಹಲವು. ಒಂದು ಬಳ್ಳಿಯಿಂದ ಕಡಲನ್ನು ತಡೆಯಲಾಗದು. ಆದರೂ ಅಂದಿನ ದಿಬ್ಬದ ಜಾಗದಲ್ಲಿ ಇಂದು ಲಾರಿ ಲಾರಿ ಬಂಡೆಗಳನ್ನು ಸುರಿಯಬೇಕಾಗಿದೆ ಎಂಬುದನ್ನು ಮರೆಯುವಂತಿಲ್ಲ.

ತಂಗಿಯ ಅಂಗಳದಲ್ಲಿ ಒಂದು ಸುರಹೊನ್ನೆ ಮರ ಉಳಿದಿದೆ. ಸೀಮೆಎಣ್ಣೆ ಬರುವ ಮೊದಲು ಕರಾವಳಿಯ ಮನೆಗಳಲ್ಲಿ ದೀಪ ಉರಿಯುತ್ತಿದ್ದುದು ಇದರ ಕಾಯಿಯ ಎಣ್ಣೆಯಿಂದ. ಕಾಯಿ ನೀರಿನಲ್ಲಿ ತೇಲುತ್ತದೆ. ಕಡಲೇ ಅದನ್ನು ತೀರದಿಂದ ತೀರಕ್ಕೆ ಹೊತ್ತು ಬಿತ್ತುತ್ತದೆ. ತಮ್ಮನ ಮಗಳು ಅದರ ಎಲೆಯೊಂದನ್ನು ಕಿತ್ತು ಬೆಳಕಿಗೆ ಹಿಡಿದು, “ಇದೂ ನಮ್ಮ ಸುರಗಿಯೂ ಒಂದೇ ಕುಟುಂಬದವು” ಎಂದಳು. ಒಂದು ಘಟ್ಟದ ಬುಡದಲ್ಲಿ, ಒಂದು ಕಡಲಿನ ಅಂಚಿನಲ್ಲಿ. ಅದನ್ನು ಕೇಳಿ ಅಮ್ಮ ತಮ್ಮನ ಕಡೆಗೂ ತಂಗಿಯ ಕಡೆಗೂ ಒಮ್ಮೆ ನೋಡಿದರು.

ಎರಡನೆಯ ದಿನ ಪಿಲಿಕುಳಕ್ಕೆ ಹೋದೆವು. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹುಲಿ ನೀರು ಕುಡಿಯುವ ಕೊಳ ಎಂಬುದು ಆ ಹೆಸರಿನ ಅರ್ಥ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಡಾ. ಶಿವರಾಮ ಕಾರಂತರ ಹೆಸರನ್ನು ಆ ನಿಸರ್ಗಧಾಮಕ್ಕೆ ಇಟ್ಟಿದ್ದಾರೆ. ಮಕ್ಕಳು ಮೃಗಾಲಯಕ್ಕೆ ಓಡಿದರು. ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿರುವ ಸಸ್ಯೋದ್ಯಾನದ ದಾರಿಯಲ್ಲಿ ಅಮ್ಮ, ತಮ್ಮ, ಅವನ ಮಗಳು ಮತ್ತು ನಾನು ನಿಧಾನವಾಗಿ ನಡೆದೆವು. ಮೊಮ್ಮಗಳು ಮರದ ಶಾಸ್ತ್ರೀಯ ನಾಮ ಹೇಳುತ್ತಾಳೆ. ಅಜ್ಜಿ ಕೋಲೂರಿ ನಿಂತು, ತೊಗಟೆ ಮುಟ್ಟಿ, ಎಲೆ ಹಿಸುಕಿ ಮೂಸಿ, ಊರಿನ ಹೆಸರು ಹೇಳುತ್ತಾರೆ. ಪುನರ್ಪುಳಿ, ರಾಮಪತ್ರೆ, ಹೆಬ್ಬಲಸು, ರಂಜೆ. ಹೆಸರಿನ ಜೊತೆಗೆ ಯಾವುದು ಹೊಟ್ಟೆನೋವಿಗೆ, ಯಾವುದರ ಹಣ್ಣು ಯಾವ ತಿಂಗಳಿಗೆ, ಯಾವುದರ ಸೊಪ್ಪು ಹಟ್ಟಿಗೆ ಎಂಬ ವಿವರ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನನ್ನ ತಾಯಿಗೆ ಇಷ್ಟೆಲ್ಲ ತಿಳಿದಿದೆ ಎಂಬುದೇ ನನಗೆ ತಿಳಿದಿರಲಿಲ್ಲ.

ನನ್ನ ನೆನಪು ಗುರುಮಠದ ಗ್ರಂಥಾಲಯಕ್ಕೆ ಹೋಯಿತು. ಕೇರಳದ ಗಿಡಮೂಲಿಕೆಗಳನ್ನು ಕುರಿತ ‘ಹೋರ್ತೂಸ್ ಮಲಬಾರಿಕುಸ್’ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದನ್ನು ಮಾಡಿಸಿದವರು ಡಚ್ ಅಧಿಕಾರಿ ವಾನ್ ರೀಡ್. ಆರಂಭದಲ್ಲಿ ನೆರವಾದವರು ಸಂತ ಜೋಸೆಫರ ಮತ್ತಾಯ ಎಂಬ ಕಾರ್ಮೆಲ್ ಸಭೆಯ ಗುರು. ಆದರೆ ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರು. ನಮ್ಮ ಕಾಲದಲ್ಲಿ, ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಯೇಸುಸಭೆಯ ಗುರು ಸೆಸಿಲ್ ಸಲ್ಡಾನ್ಹಾ ಅವರು ಅಮೆರಿಕದ ಸಸ್ಯಶಾಸ್ತ್ರಜ್ಞ ಡ್ಯಾನ್ ನಿಕೊಲ್ಸನ್ ಅವರೊಡನೆ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ಗ್ರಂಥವನ್ನು 1976ರಲ್ಲಿ ಹೊರತಂದರು. ಕರ್ನಾಟಕದ ಸಸ್ಯಗಳ ಗ್ರಂಥದ ಮೊದಲ ಸಂಪುಟ ಬಂದದ್ದು 1984ರಲ್ಲಿ. ಹಾಸನ ಜಿಲ್ಲೆಯ ಬಿಸಿಲೆ ಘಾಟಿ ಇಳಿದರೆ ಸಿಗುವುದೇ ನಮ್ಮ ಕಡಬ ತಾಲೂಕು. ನಾನು ದೇವಶಾಸ್ತ್ರ ಓದುತ್ತಿದ್ದಾಗ ಅಂತಹ ಪುಸ್ತಕಗಳನ್ನು ದಾಟಿಕೊಂಡೇ ನನ್ನ ಪುಸ್ತಕಗಳ ಕಪಾಟಿಗೆ ಹೋಗುತ್ತಿದ್ದೆ. ಒಮ್ಮೆಯಾದರೂ ಕೈಗೆತ್ತಿಕೊಂಡಿದ್ದರೆ, ಆ ಸುರಗಿಯ ಬುಡಕ್ಕೆ ಕೊಡಲಿ ಹಾಕಿಸುವ ಮುನ್ನ ಎರಡು ಸಲ ಯೋಚಿಸುತ್ತಿದ್ದೆನೇನೋ.

ದಣಿದ ಅಮ್ಮ ಒಂದು ಕಲ್ಲು ಬೆಂಚಿನ ಮೇಲೆ ಕುಳಿತರು. ಸುತ್ತಲೂ ನೋಡಿದರು. “ಇಲ್ಲಿ ದುಡ್ಡು ಕೊಟ್ಟು ನೋಡಿದ ಮರಗಳಲ್ಲಿ ಹೆಚ್ಚಿನವು ನಮ್ಮ ಹಿತ್ತಿಲಲ್ಲೇ ಇವೆಯಲ್ಲ!” ಎಂದರು. ಅವರ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಆಶ್ಚರ್ಯವಿತ್ತು. ತಮ್ಮ ತಲೆ ತಗ್ಗಿಸಿದ. ಹಿತ್ತಲ ಗಿಡ ಮದ್ದಲ್ಲ ಎಂದು ಪೀಠದ ಮೇಲಿಂದ ಎಷ್ಟೋ ಸಲ ಹೇಳಿದ ನಾನೂ ತಲೆ ತಗ್ಗಿಸಿದೆ.

ಆ ರಾತ್ರಿ ತಂಗಿಯ ಮನೆಯ ಜಗಲಿಯಲ್ಲಿ ತಮ್ಮನೊಡನೆ ಕುಳಿತಿದ್ದಾಗ ನಾನು ಕಡಿಸಿದ ಮರದ ಕಥೆಯನ್ನು ಹೇಳಿದೆ. ಗುಡ್ಡೆ ಉಳಿಸು ಎಂದು ಉಪದೇಶಿಸುವ ಹಕ್ಕು ನನಗಿಲ್ಲ, ಆದರೆ ಆ ಹೆಂಗಸಿನ ಪ್ರಶ್ನೆ ಮಾತ್ರ ಇಪ್ಪತ್ತು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ ಎಂದೆ. ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಕಷ್ಟವನ್ನು ಬಿಡಿಸಿ ಹೇಳಿದ. ಹಿಂದೆಂದೂ ಹೇಳಿರದ ಸಾಲದ ಮಾತನ್ನೂ ಹೇಳಿದ. ‘ಪೂಜೆಯ ಅಣ್ಣ’ನಿಗೆ ಇದೆಲ್ಲ ಯಾಕೆ ಎಂದು ಅಷ್ಟು ದಿನ ಮುಚ್ಚಿಟ್ಟಿದ್ದನಂತೆ. ನನಗೆ ಅದು ಮರ ಕಡಿದದ್ದಕ್ಕಿಂತ ದೊಡ್ಡ ನಾಚಿಕೆಯಾಯಿತು. ಘಟ್ಟದ ಮರಗಳ ಹೆಸರು ತಿಳಿಯದಿದ್ದುದು ಹಾಗಿರಲಿ, ಒಡಹುಟ್ಟಿದವನ ಸಂಕಟವೂ ನನಗೆ ತಿಳಿದಿರಲಿಲ್ಲ.

ಗುಡ್ಡೆ ಪೂರ್ತಿ ಉಳಿಯಿತೆಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಮೇಲಿನ ಅರ್ಧದ ಮರಗಳು ಫೆಬ್ರವರಿಯಲ್ಲಿ ಹೋದವು. ಅಲ್ಲೀಗ ಅಡಿಕೆ ಸಸಿಗಳಿವೆ. ತೋಡಿನ ಅಂಚಿನ ಅರ್ಧ ಉಳಿದಿದೆ. ಅದಕ್ಕೆ ಭಾವುಕತೆ ಮಾತ್ರ ಕಾರಣವಲ್ಲ. ಆ ಮರಗಳ ನೆರಳು, ಬೇರು, ತರಗೆಲೆಗಳ ಹಾಸು ಇರುವುದರಿಂದಲೇ ಮಳೆಯ ನೀರು ಓಡಿಹೋಗದೆ ಇಂಗುತ್ತದೆ, ತೋಡು ಬೇಸಿಗೆಯವರೆಗೆ ಜೀವ ಹಿಡಿದಿರುತ್ತದೆ, ಆ ತೋಡಿನಿಂದಲೇ ತೋಟಕ್ಕೆ ನೀರು ಎಂಬ ಲೆಕ್ಕವನ್ನು ಅಪ್ಪ ಮಗಳು ಸೇರಿ ಹಾಕಿದರು. ಮುಂಗಡದಲ್ಲಿ ಹಿಂದಿರುಗಿಸಬೇಕಾದ ಪಾಲಿಗೆ ನಾವು ಒಡಹುಟ್ಟಿದವರು ಕೈಗೂಡಿಸಿದೆವು. ಸುರಗಿ ಇರುವುದು ತೋಡಿನ ಅಂಚಿನಲ್ಲಿ.

ಮಾರ್ಚ್ ತಿಂಗಳಲ್ಲಿ ತಮ್ಮ ಒಂದು ಕಾಗದದ ಪೊಟ್ಟಣ ಕಳುಹಿಸಿದ. ಒಳಗೆ ಒಣಗಿದ ಸುರಗಿ ಮಾಲೆ, ಕಟ್ಟಿದವರು ಅಮ್ಮ. ಮಳೆ ಹಿಡಿದಾಗ ಮರದಡಿ ಹೆಕ್ಕಿದ ಹನ್ನೆರಡು ಬೀಜಗಳೂ ಬಂದವು. ನಾನು ಈಗಿರುವ ಧರ್ಮಕೇಂದ್ರದ ಹಿತ್ತಿಲಲ್ಲಿ ಅವನ್ನು ಮಣ್ಣಿನ ಚೀಲಗಳಲ್ಲಿ ಹಾಕಿದೆ. ಬಹಳ ದಿನ ಏನೂ ಕಾಣದೆ ಆಸೆ ಬಿಟ್ಟಿದ್ದೆ. ಆಮೇಲೆ ನಾಲ್ಕು ಮೊಳೆತವು. ಈಗ ಒಂದು ಗೇಣು ಎತ್ತರವಿವೆ. ಒಂದನ್ನು ನಾನು ಮರ ಕಡಿಸಿದ ಆ ಹಳೆಯ ಧರ್ಮಕೇಂದ್ರಕ್ಕೆ ಒಯ್ಯಬೇಕೆಂದು ಅಲ್ಲಿನ ಗುರುಗಳಲ್ಲಿ ಅನುಮತಿ ಕೇಳಿದ್ದೇನೆ. ಮಾಲೆ ಕಟ್ಟುತ್ತಿದ್ದ ಆ ಹಿರಿಯರು ಈಗಿಲ್ಲ. ಅವರ ಮೊಮ್ಮಗಳು ಗುಂಡಿ ತೋಡಿಸಿಡುತ್ತೇನೆ ಎಂದಿದ್ದಾಳೆ. ಅದು ಹೂ ಬಿಡಲು ಬಹಳ ವರ್ಷಗಳು ಬೇಕು. ಆಗ ಇಲ್ಲೂ ಅಲ್ಲೂ ಬೇರೆ ಗುರುಗಳಿರುತ್ತಾರೆ. ಇರಲಿ.

ಪ್ರಿಯ ಓದುಗರೇ, ಈ ಚಳಿಗಾಲದಲ್ಲಿ ನೀವೂ ಎಲ್ಲಿಗಾದರೂ ಹೊರಟಿರಬಹುದು. ಹೋಗಿ ಬನ್ನಿ, ಕಡಲನ್ನೂ ಉದ್ಯಾನಗಳನ್ನೂ ನೋಡಿ ಬನ್ನಿ. ಸಾಧ್ಯವಾದರೆ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ, ಅವರ ನಡಿಗೆಯ ವೇಗದಲ್ಲೇ ನಡೆಯಿರಿ. ಹಿಂತಿರುಗಿದ ಮೇಲೆ ಒಂದು ಸಂಜೆ ಅವರೊಡನೆ ನಿಮ್ಮ ಹಿತ್ತಿಲಿಗೆ ಹೋಗಿ, ಅಲ್ಲಿರುವ ಒಂದೊಂದರ ಹೆಸರನ್ನೂ ಕೇಳಿ ತಿಳಿದುಕೊಳ್ಳಿ. ಕೇಳಿದರೆ ಹೇಳುವವರು ಇನ್ನೂ ನಮ್ಮ ನಡುವೆ ಇದ್ದಾರೆ.

ನಾನು ಮುಂದಿನ ವಾರ ಕಡಬಕ್ಕೆ ಹೊರಡುವವನಿದ್ದೇನೆ. ಈ ಸಲ ಅಮ್ಮನಿಗೆ ಪ್ರಯಾಣ ಆಗದಂತೆ. ಆದ್ದರಿಂದ ತಂಗಿಯೇ ಕುಟುಂಬದೊಡನೆ ಅಲ್ಲಿಗೆ ಬರುತ್ತಿದ್ದಾಳೆ, ಒಂದು ಚೀಲ ಸುರಹೊನ್ನೆಯ ಕಾಯಿಗಳೊಡನೆ.